ಸಾಕಾ, ಇನ್ನೂ ಬೇಕಾ? – ಶಾಖದ ಒಂದು ಪುಟ್ಟ ಚರಿತ್ರೆ



ತೀರ್ಥಹಳ್ಳಿ ಹತ್ತಿರದ ನಮ್ಮ ಅಜ್ಜಿಮನೆಯಲ್ಲಿ ಯಾರಿಗೆ ಹೊಟ್ಟೆನೋವು, ಸೊಂಟನೋವು ಬಂದರೂ ಮೊದಲ ಔಷಧಿ ಶಾಖ. ಅಜ್ಜಿ ಬಾಣಲೆಯಲ್ಲಿ ಕಲ್ಲುಪ್ಪು ಹುರಿದು, ಹಳೇ ಕಾಟನ್ ಸೀರೆಯ ತುಂಡಿನಲ್ಲಿ ಗಂಟು ಕಟ್ಟುತ್ತಿದ್ದರು. ಮೊದಲು ಆ ಗಂಟನ್ನು ತಮ್ಮ ಮಣಿಕಟ್ಟಿನ ಒಳಭಾಗಕ್ಕೆ ಮುಟ್ಟಿಸಿಕೊಳ್ಳುತ್ತಿದ್ದರು, ಆಮೇಲೆ ನಮಗೆ. ನಾಲ್ಕು ಸಲ ಒತ್ತಿ, "ಸಾಕಾ, ಇನ್ನೂ ಬೇಕಾ?" ಅನ್ನುತ್ತಿದ್ದರು. ಗಂಟು ಆರಿದರೆ ಮತ್ತೆ ಬಾಣಲೆ, ಮತ್ತೆ ಮಣಿಕಟ್ಟು, ಮತ್ತೆ ಅದೇ ಪ್ರಶ್ನೆ. ಸುಮ್ಮನೆ ಮಾತಿಗೆ ಕೇಳುತ್ತಾರೆ ಎಂದುಕೊಂಡಿದ್ದೆ. ಆ ಪ್ರಶ್ನೆಯ ಬೆಲೆ ಗೊತ್ತಾಗಿದ್ದು ಎರಡು ವರ್ಷದ ಹಿಂದೆ, ಪುಣೆಯ ನಮ್ಮ ಫ್ಲಾಟಿನಲ್ಲಿ.

ಊರಿಂದ ಅಮ್ಮ ಬಂದಿದ್ದಳು. ಹನ್ನೆರಡು ವರ್ಷದಿಂದ ಅವಳಿಗೆ ಸಕ್ಕರೆ ಕಾಯಿಲೆ. ಕಾಲು ಸೆಳೆತ ಅಂದಳು. ನಾನು ಆನ್‌ಲೈನಿನಲ್ಲಿ ಒಂದು ವಿದ್ಯುತ್ ಹೀಟಿಂಗ್ ಪ್ಯಾಡ್ ತರಿಸಿ, ಕಾಲಿಗೆ ಸುತ್ತಿ, ಸ್ವಿಚ್ ಹಾಕಿ, ನನ್ನ ರಾತ್ರಿ ಕಾಲ್‌ಗೆ ಕೂತೆ. ಅಮ್ಮ ಹಾಗೇ ನಿದ್ದೆ ಹೋದಳು. ಬೆಳಿಗ್ಗೆ ನೋಡಿದರೆ ಪಾದದ ಪಕ್ಕದಲ್ಲಿ ನಿಂಬೆಹಣ್ಣಿನಷ್ಟು ದೊಡ್ಡ ಬೊಬ್ಬೆ! ಡಾಕ್ಟರು, "ನಿಮಗೆ ಸುಟ್ಟಿದ್ದು ಗೊತ್ತಾಗಲಿಲ್ವಾ?" ಎಂದರು. ಅಮ್ಮ, "ಬೆಚ್ಚಗೇ ಇತ್ತು ಡಾಕ್ಟ್ರೇ, ಸುಡಲೇ ಇಲ್ಲ" ಅಂದಳು. ಆ ಗಾಯ ಮಾಯಲು ಎರಡು ತಿಂಗಳು ಹಿಡಿಯಿತು. ಒಮ್ಮೆಯೂ ಅವಳು ನನ್ನನ್ನು ಬಯ್ಯಲಿಲ್ಲ. ಅದೇ ನನಗೆ ಹೆಚ್ಚು ಕಷ್ಟವಾಯಿತು.

ನಮ್ಮ ಐಟಿ ಕೆಲಸದಲ್ಲಿ ಏನಾದರೂ ಕೆಟ್ಟರೆ ಮೂಲ ಕಾರಣ ಹುಡುಕದೆ ಬಿಡುವುದಿಲ್ಲ. ಹಾಗೆ ಹುಡುಕುತ್ತಾ ಹೋದಾಗ ಶಾಖದ ಚರಿತ್ರೆ ಎದುರಾಯಿತು. ಅದನ್ನೆಲ್ಲ ಓದಿದ ಮೇಲೆ ನನಗೆ ಅನ್ನಿಸಿದ್ದು ಇಷ್ಟು: ಬಿಸಿ ಮಾಡುವುದು ಮನುಷ್ಯರಿಗೆ ಎಂದೂ ಕಷ್ಟವಾಗಿರಲಿಲ್ಲ. "ಇಷ್ಟು ಸಾಕು" ಎಂದು ಯಾರು ಹೇಳಬೇಕು, ಹೇಗೆ ಹೇಳಬೇಕು ಎಂಬುದೇ ಈ ಚರಿತ್ರೆಯ ಮುಖ್ಯ ಪ್ರಶ್ನೆ.

ಥರ್ಮಾಮೀಟರಿಗಿಂತ ಮೊದಲು

ನಮ್ಮ ಭಾಷೆಯಲ್ಲೇ ಒಂದು ಥರ್ಮಾಮೀಟರ್ ಇದೆ. ಉಗುರುಬೆಚ್ಚಗೆ, ಬೆಚ್ಚಗೆ, ಹಿತವಾದ ಬಿಸಿ, ಸುಡುಬಿಸಿ, ಕುದಿ. ಮೊದಲ ಮೂರು ಪದಗಳನ್ನು ಗಮನಿಸಿ. ಉಗುರು ನಮ್ಮ ಮೈಯದ್ದು, ಹಿತವೂ ನಮ್ಮ ಮೈಯದ್ದೇ. ಪಾದರಸದ ಥರ್ಮಾಮೀಟರನ್ನು ಫ್ಯಾರನ್‌ಹೈಟ್ ಮಾಡಿದ್ದು 1714ರಲ್ಲಿ, ಸೆಲ್ಸಿಯಸ್ ತನ್ನ ಅಳತೆ ಸೂಚಿಸಿದ್ದು 1742ರಲ್ಲಿ. ಅದಕ್ಕೂ ಮೊದಲು ಸಾವಿರಾರು ವರ್ಷ ಜನ ಕೈಯಿಂದಲೇ ಬಿಸಿ ಅಳೆದರು, ಕೂಸಿನ ಸ್ನಾನದ ನೀರನ್ನು ಮೊಣಕೈ ಅದ್ದಿ ನೋಡಿದರು.

ಚರಕನ ಹದಿಮೂರು ಬಗೆ

ಸುಮಾರು ಎರಡು ಸಾವಿರ ವರ್ಷ ಹಳೆಯದಾದ ಚರಕ ಸಂಹಿತೆಯ ಸೂತ್ರಸ್ಥಾನದಲ್ಲಿ 14ನೆಯ ಅಧ್ಯಾಯ ಪೂರ್ತಿ ಶಾಖಕ್ಕೇ ಮೀಸಲು. ಅಲ್ಲಿ ಅದರ ಹೆಸರು ಸ್ವೇದ, ಅಂದರೆ ಬೆವರಿಸುವುದು. ಬೆಂಕಿಯಿಂದ ಕೊಡುವ ಸ್ವೇದ 13 ಬಗೆ. ಗಂಟು ಕಟ್ಟಿ ಒತ್ತುವ ಸಂಕರ ಸ್ವೇದ, ಕೊಳವೆಯಲ್ಲಿ ಹಬೆ ಹಾಯಿಸುವ ನಾಡೀ ಸ್ವೇದ, ಬೆಚ್ಚಗಿನ ಕಷಾಯ ಸುರಿಯುವ ಪರಿಷೇಕ, ತೊಟ್ಟಿಯಲ್ಲಿ ಕೂರಿಸುವ ಅವಗಾಹ, ಕಾಯಿಸಿದ ಕಲ್ಲುಹಾಸಿನ ಮೇಲೆ ಮಲಗಿಸುವ ಅಶ್ಮಘನ, ಹೀಗೆ. ಅಜ್ಜಿಯ ಉಪ್ಪಿನ ಗಂಟು ಸಂಕರ ಸ್ವೇದದ ಮನೆಮೊಮ್ಮಗಳು ಎನ್ನಬಹುದು! ಬೆಂಕಿಯಿಲ್ಲದೆ ಮೈ ಬಿಸಿಯಾಗುವ 10 ದಾರಿಗಳ ಪಟ್ಟಿಯೂ ಅಲ್ಲಿದೆ. ವ್ಯಾಯಾಮ, ದಪ್ಪ ಹೊದಿಕೆ, ಬಿಸಿಲು ಅದರಲ್ಲಿವೆ. ಭಯ, ಸಿಟ್ಟು ಕೂಡ ಇವೆ. ಮನಸ್ಸಿನ ಸ್ಥಿತಿ ಮೈಯ ಬಿಸಿಯನ್ನು ಬದಲಿಸುತ್ತದೆ ಎಂಬುದನ್ನು ಅವರು ಆಗಲೇ ಗಮನಿಸಿದ್ದರು.

ಇಡೀ ಮೈಗೆ ಕೊಡುವ ಶಾಖ ಬೇರೆ, ಒಂದೇ ಅಂಗಕ್ಕೆ ಕೊಡುವ ಶಾಖ ಬೇರೆ ಎಂದೂ ಆ ಗ್ರಂಥ ವಿಂಗಡಿಸುತ್ತದೆ. ಹೃದಯ, ಕಣ್ಣು ಮುಂತಾದ ಸೂಕ್ಷ್ಮ ಭಾಗಗಳಿಗೆ ಶಾಖ ಕೊಡಬಾರದು ಅಥವಾ ತೀರಾ ಮೃದುವಾಗಿ ಕೊಡಬೇಕು. ನನ್ನ ಮನಸ್ಸಿಗೆ ತಟ್ಟಿದ್ದು ಎರಡು ವಿಷಯ. ಒಂದು, ಎಲ್ಲಿಗೆ ನಿಲ್ಲಿಸಬೇಕು ಎಂಬುದು. ಚಳಿ ಮತ್ತು ನೋವು ತಗ್ಗಿದಾಗ, ಬಿಗಿತ ಮತ್ತು ಭಾರ ಇಳಿದಾಗ, ಅಂಗ ಮೆತ್ತಗಾಗಿ ಬೆವರು ಮೂಡಿದಾಗ ಶಾಖ ನಿಲ್ಲಬೇಕು. ನಿಲ್ಲಿಸುವ ಗುರುತುಗಳೆಲ್ಲ ಮೈ ಹೇಳುವ ಮಾತುಗಳೇ ಹೊರತು ಇಷ್ಟು ಗಳಿಗೆ ಎಂಬ ಲೆಕ್ಕವಲ್ಲ. ಎರಡು, ಯಾರಿಗೆ ಕೊಡಬಾರದು ಎಂಬ ಪಟ್ಟಿ. ಗರ್ಭಿಣಿಯರು, ದಿನಾ ಮದ್ಯ ಕುಡಿಯುವವರು, ಹಸಿದವರು, ಬಾಯಾರಿದವರು, ಪ್ರಜ್ಞೆ ತಪ್ಪಿದವರು ಅದರಲ್ಲಿದ್ದಾರೆ. ಜೊತೆಗೆ ಮಧುಮೇಹಿಗಳೂ ಇದ್ದಾರೆ. ಅವರು ಕೊಟ್ಟ ಕಾರಣ ಇಂದಿನ ವೈದ್ಯಶಾಸ್ತ್ರದ ಕಾರಣವಲ್ಲ. ಆದರೂ ಅದನ್ನು ಓದಿದಾಗ ನನ್ನ ಕಣ್ಣಮುಂದೆ ಬಂದದ್ದು ಅಮ್ಮನ ಪಾದ.

ಗ್ರೀಸಿನಲ್ಲೂ ಉಪ್ಪಿನ ಗಂಟು

ಹಿಪೊಕ್ರೆಟಿಸ್‌ನ ಹೆಸರಿನಲ್ಲಿ ಬಂದಿರುವ ಹಳೆಯ ಗ್ರೀಕ್ ಗ್ರಂಥವೊಂದರಲ್ಲಿ ಪಕ್ಕೆನೋವಿಗೆ ಶಾಖ ಕೊಡುವ ಕ್ರಮವಿದೆ. ಚರ್ಮದ ಚೀಲ, ಕಂಚಿನ ಪಾತ್ರೆ ಅಥವಾ ಮಣ್ಣಿನ ಪಾತ್ರೆಯಲ್ಲಿ ಬಿಸಿನೀರು ತುಂಬಿ ಇಡಬಹುದು. ಒಣ ಶಾಖವಾದರೆ ಉಪ್ಪನ್ನೋ ಹುರಿದ ಸಿರಿಧಾನ್ಯವನ್ನೋ ಉಣ್ಣೆಯ ಚೀಲದಲ್ಲಿ ಹಾಕಬಹುದು. ಬಿಸಿ ಪಾತ್ರೆಗೂ ಮೈಗೂ ನಡುವೆ ಮೆತ್ತನೆಯದೇನನ್ನಾದರೂ ಹಾಕಬೇಕು ಎಂದೂ ಅಲ್ಲಿ ಹೇಳಿದೆ. ಇಂದು ಹಾಟ್ ವಾಟರ್ ಬ್ಯಾಗಿನ ಜೊತೆ ಬರುವ ಬಟ್ಟೆಯ ಕವರಿಗೆ ಅಷ್ಟು ಹಳೆಯ ಇತಿಹಾಸ. ನಾವು ಮಾತ್ರ "ಬೇಗ ಬಿಸಿ ತಾಗಲಿ" ಎಂದು ಅದನ್ನು ತೆಗೆದುಹಾಕುತ್ತೇವೆ.

ಬಚ್ಚಲಿನ ಹಂಡೆ, ಬಾಣಂತಿಯ ಕೆಂಡ, ಮಗುವಿನ ಬರೆ

ಕರ್ನಾಟಕದ ಹೆಣ್ಣುಮಕ್ಕಳ ಬದುಕಿನಲ್ಲಿ ಶಾಖದ ದೊಡ್ಡ ಅಧ್ಯಾಯ ಬಾಣಂತನ. ಮಲೆನಾಡಿನಲ್ಲಿ ಅಡಿಕೆ ಸಿಪ್ಪೆ ಉರಿಸಿ ಕಾಯಿಸಿದ ಹಂಡೆಯ ನೀರು, ಮೈಗೆ ಎಣ್ಣೆ, ಸೊಂಟಕ್ಕೆ ಧಾರೆ. ಉತ್ತರ ಕರ್ನಾಟಕದ ಕಡೆ ಬಾಣಂತಿ ಮಲಗುವ ಹೊರಸಿನ ಕೆಳಗೆ ಕೆಂಡ. ಹೆತ್ತು ದಣಿದ ಮೈಗೆ ಇಷ್ಟು ದಿನ ಯಾರೋ ಒಬ್ಬರು ನೀರು ಹಾಕಿ, ಒತ್ತಿ, ವಿಚಾರಿಸುವುದೇ ಅದರ ನಿಜವಾದ ಹಿತ ಎಂದು ನನಗೆ ಅನ್ನಿಸುತ್ತದೆ. ಆದರೆ ಎಲ್ಲ ಹಳೆಯದೂ ಒಳ್ಳೆಯದಲ್ಲ. ಕಿಟಕಿ ಮುಚ್ಚಿದ ಕೋಣೆಯಲ್ಲಿ ಕೆಂಡ ಇಟ್ಟರೆ ವಾಸನೆಯಿಲ್ಲದ ಕಾರ್ಬನ್ ಮಾನಾಕ್ಸೈಡ್ ಅನಿಲ ತಾಯಿ ಮಗು ಇಬ್ಬರ ಜೀವವನ್ನೂ ತೆಗೆಯಬಲ್ಲದು. ನೀರು ಎಷ್ಟು ಬಿಸಿಯಿದ್ದರೆ ಅಷ್ಟು ಒಳ್ಳೆಯದು ಎಂಬ ಹಟದಲ್ಲಿ "ಸಾಕು" ಎಂದ ಬಾಣಂತಿಯ ಮಾತನ್ನು ಕೇಳಿಸಿಕೊಳ್ಳದ ಮನೆಗಳೂ ಇದ್ದವು.

ಇನ್ನೂ ಕಹಿಯಾದದ್ದು ಬರೆ. ಕಾಮಾಲೆ, ಫಿಟ್ಸು, ಉಬ್ಬಸ ಎಂದು ಎಳೆಗೂಸಿನ ಹೊಟ್ಟೆಗೆ ಕಾದ ಬಳೆಯಿಂದಲೋ ಕಬ್ಬಿಣದ ಕಡ್ಡಿಯಿಂದಲೋ ಬರೆ ಹಾಕುವುದು ನಮ್ಮಲ್ಲೂ ಇತ್ತು. ದೇಶದ ಕೆಲವು ಕಡೆಗಳಿಂದ ಇಂದಿಗೂ ಇಂಥ ಸುದ್ದಿ ಬರುತ್ತದೆ. ಶಾಖಕ್ಕೂ ಬರೆಗೂ ವ್ಯತ್ಯಾಸ ಬರೀ ಡಿಗ್ರಿಯದ್ದಲ್ಲ. ಶಾಖದಲ್ಲಿ "ಸಾಕಾ?" ಎಂಬ ಪ್ರಶ್ನೆ ಇದೆ. ಬರೆಯಲ್ಲಿ ಉತ್ತರ ಹೇಳಲಾರದ ಕೂಸು ಇದೆ. ಅದಕ್ಕೇ ಈ ಲೇಖನದಲ್ಲಿ ನಾನು ಹೇಳುತ್ತಿರುವುದೆಲ್ಲ ತಮ್ಮ ಮೈಯನ್ನು ತಾವೇ ಅರಿತು ಹೇಳಬಲ್ಲ ದೊಡ್ಡವರಿಗೆ ಮಾತ್ರ.

ಆರದ ಬಿಸಿ ಬಂದ ಮೇಲೆ

ಚಾರ್ಲ್ಸ್ ಗುಡ್‌ಇಯರ್ ರಬ್ಬರನ್ನು ಗಂಧಕದ ಜೊತೆ ಕಾಯಿಸಿ ಗಟ್ಟಿ ಮಾಡುವ ವಿಧಾನಕ್ಕೆ 1844ರಲ್ಲಿ ಪೇಟೆಂಟ್ ಪಡೆದ ಮೇಲೆ ಬಿಸಿನೀರು ತಡೆಯುವ ರಬ್ಬರ್ ಚೀಲ ಸಾಧ್ಯವಾಯಿತು. ಅದಕ್ಕೂ ಮೊದಲು ಯೂರೋಪಿನ ಮನೆಗಳಲ್ಲಿ ಕೆಂಡ ತುಂಬಿದ ತಾಮ್ರದ ತಟ್ಟೆಯನ್ನು ಹಾಸಿಗೆಯ ಮೇಲೆ ಆಡಿಸುತ್ತಿದ್ದರು, ಮಣ್ಣಿನ ಬಾಟಲಿಯಲ್ಲಿ ಬಿಸಿನೀರು ಇಡುತ್ತಿದ್ದರು. 20ನೆಯ ಶತಮಾನದಲ್ಲಿ ವಿದ್ಯುತ್ ಪ್ಯಾಡ್ ಬಂತು.

ಇಲ್ಲಿ ಒಂದು ದೊಡ್ಡ ಬದಲಾವಣೆ ಸದ್ದಿಲ್ಲದೆ ಆಗಿಹೋಯಿತು. ಅಜ್ಜಿಯ ಉಪ್ಪಿನ ಗಂಟು ಕೆಲವೇ ನಿಮಿಷದಲ್ಲಿ ಆರುತ್ತಿತ್ತು. ಆರಿದ್ದಕ್ಕೇ ಮತ್ತೆ ಕಾಯಿಸಬೇಕಿತ್ತು, ಕಾಯಿಸಿದ್ದಕ್ಕೇ ಮತ್ತೆ ಮಣಿಕಟ್ಟಿಗೆ ಮುಟ್ಟಿಸಿ ನೋಡಬೇಕಿತ್ತು. ಆರುವುದು ಅದರ ಕೊರತೆ ಎಂದು ನಾವು ತಿಳಿದೆವು. ಅದೇ ಅದರ ರಕ್ಷಣೆಯಾಗಿತ್ತು! ಸಾಫ್ಟ್‌ವೇರ್ ಭಾಷೆಯಲ್ಲಿ ಹೇಳುವುದಾದರೆ ಅದರಲ್ಲಿ ಟೈಮ್‌ಔಟ್ ತಾನಾಗಿಯೇ ಇತ್ತು. ವಿದ್ಯುತ್ ಪ್ಯಾಡ್ ಆರುವುದಿಲ್ಲ, ಕೇಳುವುದೂ ಇಲ್ಲ. ಅದರೊಳಗಿನ ಥರ್ಮೋಸ್ಟಾಟ್ ಪ್ಯಾಡಿನ ಬಿಸಿಯನ್ನು ನೋಡಿಕೊಳ್ಳುತ್ತದೆ, ಅಮ್ಮನ ಚರ್ಮವನ್ನಲ್ಲ.

ಆರದ ಬಿಸಿ ಏನು ಮಾಡಬಲ್ಲದು ಎಂಬುದಕ್ಕೆ ವಿದ್ಯುತ್ತಿಗಿಂತ ಹಳೆಯ ಸಾಕ್ಷಿ ಕಾಶ್ಮೀರದಲ್ಲಿದೆ. ಅಲ್ಲಿ ಚಳಿಗಾಲದಲ್ಲಿ ಬೆತ್ತದ ಬುಟ್ಟಿಯೊಳಗಿನ ಮಣ್ಣಿನ ಕುಡಿಕೆಗೆ ಕೆಂಡ ತುಂಬಿ, ಫೆರನ್ ಎಂಬ ನಿಲುವಂಗಿಯ ಒಳಗೆ ಹೊಟ್ಟೆ ತೊಡೆಗಳಿಗೆ ತಾಗುವಂತೆ ಇಟ್ಟುಕೊಳ್ಳುತ್ತಾರೆ. ಅದರ ಹೆಸರು ಕಾಂಗಡಿ. ಅಲ್ಲಿಗೆ ಬಂದ ಸ್ಕಾಟ್ಲೆಂಡಿನ ವೈದ್ಯ ವಿಲಿಯಂ ಎಲ್ಮ್ಸ್ಲಿ, ಅದೇ ಜಾಗದ ಚರ್ಮದಲ್ಲಿ ಮೂಡುವ ಕ್ಯಾನ್ಸರಿನ ಬಗ್ಗೆ 1866ರಲ್ಲಿ ಬರೆದ. ಒಂದೇ ಸಲ ಸುಟ್ಟದ್ದರಿಂದ ಬಂದದ್ದಲ್ಲ ಅದು. ಸುಡದಷ್ಟು ಬಿಸಿ ವರ್ಷಗಟ್ಟಲೆ ಒಂದೇ ಕಡೆ ತಾಗಿದ್ದರ ಫಲ. ಅದಕ್ಕೂ ಮೊದಲ ಹಂತದಲ್ಲಿ ಚರ್ಮದ ಮೇಲೆ ಬಲೆಯಂಥ ಕಂದು ಗುರುತು ಮೂಡುತ್ತದೆ. ಈಗ ಲ್ಯಾಪ್‌ಟಾಪನ್ನು ತೊಡೆಯ ಮೇಲಿಟ್ಟು ಗಂಟೆಗಟ್ಟಲೆ ಕೆಲಸ ಮಾಡುವವರಲ್ಲೂ ವೈದ್ಯರು ಈ ಗುರುತನ್ನು ಕಾಣುತ್ತಿದ್ದಾರೆ. ಇದನ್ನು ಓದಿದ ದಿನ ಕನ್ನಡಿಯಲ್ಲಿ ನನ್ನ ಸೊಂಟ ನೋಡಿಕೊಂಡೆ. ಲಾಕ್‌ಡೌನ್ ದಿನಗಳಲ್ಲಿ ಕುರ್ಚಿಗೆ ಪ್ಯಾಡ್ ಕಟ್ಟಿಕೊಂಡು ದಿನವಿಡೀ ಕೂತಿದ್ದರ ತೆಳುವಾದ ಬಲೆ ಅಲ್ಲಿತ್ತು.

ಚರ್ಮ ಏನು ಹೇಳುತ್ತದೆ, ಏನು ಹೇಳುವುದಿಲ್ಲ

1690ರಲ್ಲಿ ಇಂಗ್ಲೆಂಡಿನ ತತ್ತ್ವಜ್ಞಾನಿ ಜಾನ್ ಲಾಕ್ ಒಂದು ಸರಳ ಸಂಗತಿಯನ್ನು ಎತ್ತಿ ತೋರಿಸಿದ. ಒಂದೇ ನೀರು ಒಂದು ಕೈಗೆ ತಣ್ಣಗೂ ಇನ್ನೊಂದು ಕೈಗೆ ಬಿಸಿಯಾಗಿಯೂ ಅನ್ನಿಸಬಹುದು. ನೀವೇ ನೋಡಿ: ಒಂದು ಕೈಯನ್ನು ತಣ್ಣೀರಿನಲ್ಲಿ, ಇನ್ನೊಂದನ್ನು ಹಿತವಾದ ಬಿಸಿನೀರಿನಲ್ಲಿ ಒಂದು ನಿಮಿಷ ಇಟ್ಟು, ಆಮೇಲೆ ಎರಡನ್ನೂ ಉಗುರುಬೆಚ್ಚಗಿನ ನೀರಿಗೆ ಹಾಕಿ. ಮಕ್ಕಳಿಗೂ ಇದು ಖುಷಿಯ ಆಟ. ಚರ್ಮ ಥರ್ಮಾಮೀಟರ್ ಅಲ್ಲ, ಅದು ಮುಖ್ಯವಾಗಿ ಬದಲಾವಣೆಯನ್ನು ಹೇಳುತ್ತದೆ. ಬಿಸಿ ಬದಲಾಗದೆ ಉಳಿದರೆ ನಮಗೆ ಅದರ ಅರಿವು ಕಡಿಮೆಯಾಗುತ್ತದೆ. ಆಗ ನಾವು "ಆರಿತೇನೋ" ಎಂದು ಬಿಸಿಯನ್ನು ಒಂದು ಹಂತ ಏರಿಸುತ್ತೇವೆ. ಅಜ್ಜಿಯ ಮಣಿಕಟ್ಟು ಮಾತ್ರ ಬಿಸಿಗೆ ಒಗ್ಗಿರುತ್ತಿರಲಿಲ್ಲ. ಆದ್ದರಿಂದ ಅದು ಹೇಳುವ ಸಾಕ್ಷ್ಯ ಹೆಚ್ಚು ನಂಬಬಹುದಾದದ್ದಾಗಿತ್ತು.

1947ರಲ್ಲಿ ಅಮೆರಿಕದ ಮೊರಿಟ್ಜ್ ಮತ್ತು ಹೆನ್ರಿಕ್ಸ್ ಎಂಬ ಸಂಶೋಧಕರು ಎಷ್ಟು ಬಿಸಿ ಎಷ್ಟು ಹೊತ್ತು ತಾಗಿದರೆ ಚರ್ಮ ಸುಡುತ್ತದೆ ಎಂದು ಅಳೆದು ಪ್ರಕಟಿಸಿದರು. 60 ಡಿಗ್ರಿ ಸೆಲ್ಸಿಯಸ್ ಆದರೆ ಸುಮಾರು 5 ಸೆಕೆಂಡು. 44 ಡಿಗ್ರಿ ಆದರೆ ಸುಮಾರು 6 ಗಂಟೆ. ಅಲ್ಲಿಂದ 51 ಡಿಗ್ರಿಯವರೆಗೆ ಒಂದೊಂದು ಡಿಗ್ರಿ ಏರಿದಂತೆ ಬೇಕಾಗುವ ಸಮಯ ಹೆಚ್ಚುಕಡಿಮೆ ಅರ್ಧಕ್ಕಿಳಿಯುತ್ತದೆ. ಅಂದರೆ ಎಚ್ಚರವಿದ್ದಾಗ "ಹಿತವಾಗಿದೆ" ಅನ್ನಿಸುವ ಬಿಸಿಯೇ ನಿದ್ದೆಯಲ್ಲಿ ಸುಡಬಲ್ಲದು. ಅಮ್ಮ ಮಲಗಿದ್ದು ಹತ್ತು ಗಂಟೆಗೆ, ಎದ್ದದ್ದು ಐದಕ್ಕೆ.

ಸುಡುತ್ತಿದೆ ಎಂಬ ಸುದ್ದಿ ಮಿದುಳಿಗೆ ಹೋಗುವುದು ಹೇಗೆ? 1997ರಲ್ಲಿ ಕ್ಯಾಲಿಫೋರ್ನಿಯಾದ ಡೇವಿಡ್ ಜೂಲಿಯಸ್ ಮತ್ತು ಸಂಗಡಿಗರು ನರದ ತುದಿಯಲ್ಲಿರುವ ಒಂದು ಪ್ರೋಟೀನನ್ನು ಪತ್ತೆ ಮಾಡಿದರು. ಸುಮಾರು 43 ಡಿಗ್ರಿ ದಾಟಿದರೆ ಅದು ತೆರೆದುಕೊಂಡು ನೋವಿನ ಸಂದೇಶ ಕಳಿಸುತ್ತದೆ. ಮೆಣಸಿನಕಾಯಿಯ ಖಾರದ ಅಂಶವೂ ಅದೇ ಬಾಗಿಲನ್ನು ತೆರೆಯುತ್ತದೆ. ಖಾರ ತಿಂದಾಗ "ಬಾಯಿ ಉರೀತು" ಅನ್ನುತ್ತೇವಲ್ಲ, ಅದು ಅಲಂಕಾರದ ಮಾತಲ್ಲ. ಬಣ್ಣ ಜಾಸ್ತಿ, ಖಾರ ಕಮ್ಮಿ ಇರುವ ನಮ್ಮ ಬ್ಯಾಡಗಿ ಮೆಣಸಿನಕಾಯಿ ಆ ಬಾಗಿಲನ್ನು ಮೆಲ್ಲಗೆ ತಟ್ಟುತ್ತದೆ ಅಷ್ಟೆ! ಜೂಲಿಯಸ್‌ಗೆ 2021ರಲ್ಲಿ ಆರ್ಡೆಮ್ ಪಟಪೂಟಿಯನ್ ಜೊತೆ ನೊಬೆಲ್ ಬಂತು. ದೀರ್ಘಕಾಲದ ಸಕ್ಕರೆ ಕಾಯಿಲೆಯಲ್ಲಿ ಪಾದದ ನರಗಳು ಸವೆಯುತ್ತವೆ, ಈ ಸಂದೇಶ ಮಿದುಳಿಗೆ ಸರಿಯಾಗಿ ತಲುಪುವುದಿಲ್ಲ. ರಕ್ತದ ಓಡಾಟ ಕಡಿಮೆಯಾಗಿ ಬಿಸಿಯೂ ಬೇಗ ಚದುರುವುದಿಲ್ಲ. "ಸಾಕು" ಎನ್ನಲು ಅಮ್ಮನ ಕಾಲಿಗೆ ದನಿಯೇ ಇರಲಿಲ್ಲ. ಆ ದನಿ ನಾನಾಗಬೇಕಿತ್ತು.

ಬೆಚ್ಚಗಿರುವುದನ್ನು ಗಮನಿಸುವುದು

ಶಾಖ ಬರೀ ನೋವಿಗೆ ಮದ್ದಲ್ಲ, ಮೈಯನ್ನು ಅರಿಯುವ ದಾರಿಯೂ ಹೌದು. 1932ರಲ್ಲಿ ಜರ್ಮನಿಯ ವೈದ್ಯ ಯೊಹಾನೆಸ್ ಶುಲ್ಟ್ಸ್ ಒಂದು ಅಭ್ಯಾಸ ಕ್ರಮದ ಪುಸ್ತಕ ಪ್ರಕಟಿಸಿದ. ಅದರಲ್ಲಿ ಹೊರಗಿನ ಬಿಸಿಯೇ ಇಲ್ಲ. ಕೂತು ಅಥವಾ ಮಲಗಿ, ಕೈ ಭಾರವಾಗಿದೆ, ಆಮೇಲೆ ಕೈ ಬೆಚ್ಚಗಿದೆ ಎಂದು ಮನಸ್ಸಿನಲ್ಲೇ ಹೇಳಿಕೊಳ್ಳುತ್ತಾ ಅಲ್ಲಿಗೆ ಗಮನ ಕೊಡಬೇಕು, ಅಷ್ಟೆ. 2002ರಲ್ಲಿ ನರವಿಜ್ಞಾನಿ ಎ. ಡಿ. ಕ್ರೇಗ್, ಬಿಸಿ ತಂಪುಗಳನ್ನು ಹೊರಗಿನ ವಸ್ತುವನ್ನು ಮುಟ್ಟುವ ಸ್ಪರ್ಶದ ಜೊತೆ ಸೇರಿಸದೆ, ಹಸಿವು, ಬಾಯಾರಿಕೆ, ನೋವುಗಳ ಹಾಗೆ "ನನ್ನ ಮೈ ಈಗ ಹೇಗಿದೆ" ಎಂಬ ಒಳಸುದ್ದಿಯ ಜೊತೆ ಸೇರಿಸಬೇಕು ಎಂದು ವಾದಿಸಿದ. ಶಾಖ ತಾಗಿದಾಗ "ಹಾಯ್" ಅನ್ನಿಸುವುದಕ್ಕೆ ಇದೂ ಒಂದು ವಿವರಣೆ.

ನಮಗೆಲ್ಲ ಹತ್ತಿರದ ಒಂದು ಉದಾಹರಣೆ ಮುಟ್ಟಿನ ಹೊಟ್ಟೆನೋವು. 2001ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಸುಮಾರು 39 ಡಿಗ್ರಿ ಬಿಸಿಯ ಪಟ್ಟಿಯನ್ನು ಹೊಟ್ಟೆಯ ಕೆಳಭಾಗಕ್ಕೆ ಹಾಕಿಕೊಂಡ ಹೆಂಗಸರಿಗೆ ಐಬುಪ್ರೊಫೆನ್ ಮಾತ್ರೆಯಷ್ಟೇ ಉಪಶಮನ ಸಿಕ್ಕಿತು. ಬರೀ 39 ಡಿಗ್ರಿ! ಜ್ವರ ಬಂದ ಮೈಯಷ್ಟು ಬೆಚ್ಚಗೆ. ಕುದಿಯುವ ನೀರು ತುಂಬಿ ಹಲ್ಲುಕಚ್ಚಿ ಸಹಿಸಬೇಕಾದ ಅಗತ್ಯವೇ ಇಲ್ಲ. ನೋವನ್ನು ಸಹಿಸುವುದನ್ನೇ ಗುಣ ಎಂದು ಕಲಿತ ನಾವು ಶಾಖದಲ್ಲೂ ಸಹನೆ ತೋರಿಸುತ್ತೇವೆ. ಅಲ್ಲೇ ತಪ್ಪುವುದು.

ಈಗ ನಮ್ಮ ಮನೆಯಲ್ಲಿ

ಪ್ಯಾಡನ್ನು ನಾನು ಎಸೆಯಲಿಲ್ಲ, ಬಳಸುವ ಕ್ರಮ ಬದಲಿಸಿದೆ. ಎಚ್ಚರವಿದ್ದಾಗ ಮಾತ್ರ, 15–20 ನಿಮಿಷ, ಮೊಬೈಲಿನಲ್ಲಿ ಅಲಾರಾಂ ಇಟ್ಟು. ನಡುವೆ ಬಟ್ಟೆ ಇರಲೇಬೇಕು. ಪ್ಯಾಡಿನ ಮೇಲೆ ಮಲಗುವುದಿಲ್ಲ, ನೋವಿನ ಮುಲಾಮು ಹಚ್ಚಿದ ಜಾಗಕ್ಕೆ ಇಡುವುದಿಲ್ಲ. ಹಾಟ್ ವಾಟರ್ ಬ್ಯಾಗಿಗೆ ಕುದಿನೀರು ಹಾಕುವುದಿಲ್ಲ, ರಬ್ಬರು ಬಿರುಕು ಬಿಟ್ಟರೆ ಅದು ನೇರ ಕಸದ ಬುಟ್ಟಿಗೆ. ಆಗಷ್ಟೇ ಉಳುಕಿ ಊದಿಕೊಂಡ ಜಾಗಕ್ಕೆ, ತೆರೆದ ಗಾಯಕ್ಕೆ, ಮರಗಟ್ಟಿದ ಪಾದಕ್ಕೆ ಶಾಖ ಇಲ್ಲ. ಹೊಟ್ಟೆನೋವಿನ ಜೊತೆ ಜ್ವರ, ವಾಂತಿ ಇದ್ದರೆ ಶಾಖ ಕೊಡುತ್ತಾ ಕೂರದೆ ಡಾಕ್ಟರ ಹತ್ತಿರ ಹೋಗಬೇಕು. ಗರ್ಭಿಣಿಯರು ಮೊದಲು ತಮ್ಮ ವೈದ್ಯರನ್ನು ಕೇಳಬೇಕು.

ಆ 15 ನಿಮಿಷ ಫೋನು ದೂರ ಇಡುತ್ತೇನೆ. ಶುರುವಿನಲ್ಲಿ ಬಿಗಿತ ಎಲ್ಲಿದೆ, ಬಿಸಿ ಎಲ್ಲಿಯವರೆಗೆ ಹರಡಿತು, ಉಸಿರು ನಿಧಾನವಾಯಿತಾ, ಭುಜ ಕೆಳಗಿಳಿಯಿತಾ ಎಂದು ನೋಡುತ್ತೇನೆ. ನಡುವೆ ಒಮ್ಮೆ ಪ್ಯಾಡ್ ಎತ್ತಿ ಚರ್ಮದ ಬಣ್ಣ ನೋಡಿ, ಮಣಿಕಟ್ಟಿನ ಒಳಭಾಗಕ್ಕೆ ಮುಟ್ಟಿಸಿಕೊಳ್ಳುತ್ತೇನೆ. ಹೀಗೆ ಗಮನಿಸಿದ್ದರಿಂದಲೇ ನನ್ನ ಸೊಂಟನೋವು ಸಂಜೆಗಿಂತ ಮೊದಲು, ಎರಡನೇ ಮೀಟಿಂಗಿನ ಹೊತ್ತಿಗೇ ಶುರುವಾಗುತ್ತದೆ ಎಂದು ಗೊತ್ತಾಯಿತು. ಈಗ ಆ ಹೊತ್ತಿಗೆ ಎದ್ದು ನಾಲ್ಕು ಹೆಜ್ಜೆ ನಡೆಯುತ್ತೇನೆ. ಶಾಖದ ಅಗತ್ಯವೇ ಅರ್ಧ ಕಡಿಮೆಯಾಗಿದೆ.

ಕಳೆದ ದೀಪಾವಳಿಗೆ ಊರಿಗೆ ಹೋದಾಗ ಅಮ್ಮನಿಗೆ ಭುಜ ಹಿಡಿದುಕೊಂಡಿತ್ತು. ಉಪ್ಪು ಹುರಿದು ಗಂಟು ಕಟ್ಟಿ ಮಣಿಕಟ್ಟಿಗೆ ಮುಟ್ಟಿಸಿ ನೋಡಿದೆ. ಅವಳ ಭುಜಕ್ಕೆ ಇಟ್ಟು, "ಸಾಕಾ, ಇನ್ನೂ ಬೇಕಾ?" ಎಂದು ಕೇಳಿದೆ. "ನಿನ್ನ ಅಜ್ಜಿ ಹಾಗೇ ಕೇಳ್ತೀಯಲ್ಲೇ" ಎಂದು ನಕ್ಕಳು. ಆಮೇಲೆ, "ಇನ್ನೊಂದು ಸ್ವಲ್ಪ" ಅಂದಳು.

ಗೆಳತಿಯರೇ, ನಿಮ್ಮ ಮನೆಯಲ್ಲಿ ಎಕ್ಕದೆಲೆಗೆ ಹರಳೆಣ್ಣೆ ಹಚ್ಚಿ ಬೆಚ್ಚಗೆ ಮಾಡಿ ಇಡುತ್ತಿದ್ದರಾ, ಮರಳಿನ ಗಂಟಾ, ಬಿಸಿ ಬಟ್ಟೆಯಾ? ಹಿರಿಯರು ಇನ್ನೂ ಜೊತೆಗಿದ್ದರೆ ಕೇಳಿ ಬರೆದಿಡಿ. ಯಾವುದಕ್ಕೆ ಹೇಗೆ ಕೊಡುತ್ತಿದ್ದರು ಎಂಬುದರ ಜೊತೆಗೆ, ಯಾವಾಗ ನಿಲ್ಲಿಸುತ್ತಿದ್ದರು ಎಂದೂ ಕೇಳಿ. ಮಕ್ಕಳಿಗೆ ನಾವು ದಾಟಿಸಬೇಕಾದದ್ದು ಅದನ್ನೇ.